ಬ್ಯಾಟರಿ ಇರಲಿ, ಎಂಜಿನ್ ಕಡೆ ನೋಡಿ

ನಾನು ಓಡಿಸುವುದು 2010ರ ಪ್ರಿಯಸ್. ಟೊಯೊಟಾದ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ವಿದ್ಯುತ್ ಮೋಟಾರ್ ಎರಡೂ ಇರುವಂಥದ್ದು. ಮೂರನೇ ಪೀಳಿಗೆಯದು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಈಗ ಎರಡು ಲಕ್ಷ ಮೈಲಿಯ ಹತ್ತಿರ ಬಂದಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಸ್ಯಾನ್ ಹೋಸೆಗೆ ಆಫೀಸಿಗೆ ಹೋಗಿ ಬರುವುದು ಇದರಲ್ಲೇ. ಈ ಕಾರು ನೋಡಿದ ಕನ್ನಡದವರು, ತೆಲುಗಿನವರು, ಪಕ್ಕದ ಮನೆಯ ಮೆಕ್ಸಿಕೋದವರು, ಎಲ್ಲರ ಮೊದಲ ಪ್ರಶ್ನೆ ಒಂದೇ: "ಬ್ಯಾಟರಿ ಬದಲಾಯಿಸಿದ್ರಾ?" ಎಂಜಿನ್ ಹೇಗಿದೆ ಅಂತ ಯಾರೂ ಕೇಳುವುದಿಲ್ಲ.

ಬ್ಯಾಟರಿಯ ಭಯ ನನಗೆ ಅರ್ಥವಾಗುತ್ತದೆ. ಅದು ದುಬಾರಿ, ಕಣ್ಣಿಗೆ ಕಾಣುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನದ ಎಚ್ಚರಿಕೆ ದೀಪ ಹತ್ತಿಕೊಳ್ಳುತ್ತದೆ. ಆದರೆ ಬ್ಯಾಟರಿ ಹೋದರೆ ತೆಗೆದು ಇನ್ನೊಂದು ಹಾಕಬಹುದು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆ ಬಾಗಿಲಿಗೇ ವ್ಯಾನ್ ತಂದು, ಅರ್ಧ ದಿನದೊಳಗೆ ಹಾಕಿಕೊಟ್ಟು ಹೋಗುವವರಿದ್ದಾರೆ. ಹಳೆಯ ಪ್ರಿಯಸ್‌ಗಳು ಗುಜರಿಗೆ ಹೋಗುವ ಕಾರಣ ನೋಡಿದರೆ, ಅದರಲ್ಲೂ ನನ್ನ ಪೀಳಿಗೆಯ ಕಾರುಗಳಲ್ಲಿ, ಎಂಜಿನ್ನಿನ ಹೆಸರು ಬಹಳ ಸಲ ಬರುತ್ತದೆ. ಈ ಎಂಜಿನ್ ಕೆಟ್ಟದ್ದೇನಲ್ಲ. ನನ್ನ ಪ್ರಕಾರ ಇಡೀ ಕಾರಿನಲ್ಲಿ ಅತಿ ಹೆಚ್ಚು ತಲೆ ಓಡಿಸಿ ಮಾಡಿದ ಭಾಗವೇ ಅದು. ಪೆಟ್ರೋಲ್ ಉಳಿಸಲಿ ಅಂತ ಮಾಡಿದ ಕೆಲವು ಕೆಲಸಗಳೇ ಹತ್ತು ವರ್ಷದ ಮೇಲೆ ಅದಕ್ಕೆ ಕಾಯಿಲೆ ತರುತ್ತವೆ, ಅಷ್ಟೇ. ಅದನ್ನು ಮೊದಲೇ ತಿಳಿದುಕೊಂಡು ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರ್‌ನಲ್ಲಿ. ಅದರ 1.5 ಲೀಟರ್ ಎಂಜಿನ್ 4000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 4000 ಸುತ್ತಿನ ಮೇಲೆ ತಿರುಗುತ್ತಲೇ ಇರಲಿಲ್ಲ. ಕೊಡುತ್ತಿದ್ದದ್ದು 58 ಕುದುರೆಶಕ್ತಿ. ಆ ಕಾಲದ ಬೇರೆ ಯಾವ 1.5 ಲೀಟರ್ ಎಂಜಿನ್ ಪಕ್ಕದಲ್ಲಿಟ್ಟರೂ ಇದು ತೀರಾ ಕಡಿಮೆ ಅನ್ನಿಸುತ್ತದೆ, ಅಲ್ವಾ? ಬೇಕಂತಲೇ ಹಾಗೆ ಮಾಡಿದ್ದರು.

ಸಾಮಾನ್ಯ ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಎಷ್ಟು ಒತ್ತುತ್ತದೋ, ಉರಿದ ಮೇಲೆ ಅಷ್ಟೇ ಹಿಗ್ಗಲು ಬಿಡುತ್ತದೆ. ಅಷ್ಟು ಹಿಗ್ಗಿದರೂ ಸಿಲಿಂಡರ್ ಒಳಗೆ ಇನ್ನೂ ಒತ್ತಡ ಉಳಿದಿರುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಅದೆಲ್ಲ ಸೈಲೆನ್ಸರ್ ಕಡೆ ನುಗ್ಗುತ್ತದೆ. ಕಬ್ಬನ್ನು ಗಾಣಕ್ಕೆ ಒಂದೇ ಸಲ ಕೊಟ್ಟು, ರಸ ಇನ್ನೂ ಜಿನುಗುತ್ತಿರುವ ಸಿಪ್ಪೆಯನ್ನು ಬಿಸಾಕಿದ ಹಾಗೆ. ಇದು ಸರಿಯಲ್ಲ ಅಂತ 1880ರ ದಶಕದಲ್ಲೇ ಜೇಮ್ಸ್ ಆಟ್ಕಿನ್ಸನ್ ಎಂಬ ಬ್ರಿಟಿಷ್ ಎಂಜಿನಿಯರ್‌ಗೆ ಅನ್ನಿಸಿತ್ತು. ಒತ್ತುವ ಸ್ಟ್ರೋಕ್ (ಪಿಸ್ಟನ್ ಒಂದು ಸಲ ಸಾಗುವ ದೂರ) ಗಿಡ್ಡ, ಹಿಗ್ಗುವ ಸ್ಟ್ರೋಕ್ ಉದ್ದ ಇರುವಂಥ ಒಂದು ಎಂಜಿನ್ನನ್ನು ಆತ ಕಟ್ಟಿದ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡಕ್ಕೆ ಕ್ರ್ಯಾಂಕ್ ಅನ್ನುತ್ತಾರೆ. ಅದರ ಸುತ್ತಲಿನ ಕೀಲುಗಳ ಜೋಡಣೆ ಬಹಳ ಗೋಜಲು. ಹಾಗಾಗಿ ಕಾರುಗಳಿಗೆ ಅದು ಬರಲೇ ಇಲ್ಲ.

ಟೊಯೊಟಾದವರು ಅದೇ ಫಲವನ್ನು ವಾಲ್ವ್ ಟೈಮಿಂಗ್‌ನಿಂದ ಪಡೆದರು. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೆ ಬರಲು ಶುರು ಮಾಡಿದರೂ ಗಾಳಿ ಒಳಬಿಡುವ ಇಂಟೇಕ್ ವಾಲ್ವ್ ಮುಚ್ಚುವುದಿಲ್ಲ. ಎಳೆದುಕೊಂಡ ಮಿಶ್ರಣದಲ್ಲಿ ಒಂದು ಪಾಲು ವಾಪಸ್ ಮ್ಯಾನಿಫೋಲ್ಡ್‌ಗೆ, ಅಂದರೆ ಗಾಳಿ ತರುವ ಕೊಳವೆಗೆ ಹೋಗುತ್ತದೆ. ಆಮೇಲೆ ವಾಲ್ವ್ ಮುಚ್ಚುತ್ತದೆ, ನಿಜವಾದ ಒತ್ತುವಿಕೆ ಅಲ್ಲಿಂದ ಶುರು. ಹೀಗಾಗಿ ಒತ್ತುವುದು ಕಡಿಮೆ, ಹಿಗ್ಗುವುದು ಪೂರ್ತಿ. ನನ್ನ ಕಾರಿನ 1.8 ಲೀಟರ್ ಎಂಜಿನ್, ಅಂದರೆ 2ಜೆಡ್‌ಆರ್-ಎಫ್‌ಎಕ್ಸ್‌ಇ, ಅದರಲ್ಲಿ ಹಿಗ್ಗುವ ಅನುಪಾತ 13ಕ್ಕೆ 1. ಮಾಮೂಲಿ ಎಂಜಿನ್‌ನಲ್ಲಿ ಅಷ್ಟು ಒತ್ತಿದರೆ ಸಾಧಾರಣ ಪೆಟ್ರೋಲ್ ಹಾಕಿದಾಗ ನಾಕಿಂಗ್ ಬರುತ್ತದೆ, ಅಂದರೆ ಮಿಶ್ರಣ ತನ್ನಷ್ಟಕ್ಕೆ ಸಿಡಿದು ಒಳಗೆ ಬಡಿಯುತ್ತದೆ. ಇಲ್ಲಿ ನಿಜವಾಗಿ ಒತ್ತುವುದು ಅಷ್ಟಿಲ್ಲದ್ದರಿಂದ ಪಂಪ್‌ನಲ್ಲಿ ಸಿಗುವ ಅತಿ ಅಗ್ಗದ ಪೆಟ್ರೋಲೇ ಸಾಕು.

ಇದಕ್ಕೆ ತೆರಬೇಕಾದ ಬೆಲೆ ಶಕ್ತಿ. ಇದೇ ಕುಟುಂಬದ 1.8 ಲೀಟರ್ ಎಂಜಿನ್ ಕೊರೊಲಾದಲ್ಲಿ 132 ಕುದುರೆಶಕ್ತಿ ಕೊಡುತ್ತಿತ್ತು. ಪ್ರಿಯಸ್‌ನಲ್ಲಿ 98. ಸಿಗ್ನಲ್‌ನಲ್ಲಿ ಹಸಿರು ಬಿದ್ದಾಗ ಈ ಎಂಜಿನ್ ಒಂದನ್ನೇ ನಂಬಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆ ಕೊರತೆಯನ್ನು ಮೋಟಾರ್ ತುಂಬುತ್ತದೆ. ನಿಂತಲ್ಲಿಂದ ಎಳೆಯುವ ಕೆಲಸದಲ್ಲಿ ಮೋಟಾರನ್ನು ಮೀರಿಸುವವರಿಲ್ಲ. ಎಂಜಿನ್ನಿಗೆ ಅತಿ ಕಷ್ಟದ ಕೆಲಸವನ್ನು ಅದರ ಕೈಯಿಂದ ತೆಗೆದು ಮೋಟಾರಿಗೆ ಕೊಟ್ಟರು. ಎಂಜಿನ್ ತನಗೆ ಚೆನ್ನಾಗಿ ಬರುವ ಕೆಲಸ ಒಂದನ್ನೇ ಮಾಡಿಕೊಂಡಿರಬಹುದು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟ. ಎಂಜಿನ್ ಜೋರಾಗಿ ತಿರುಗುವುದೇ ಇಲ್ಲ ಅಂತ ಗೊತ್ತಿದ್ದರೆ ಒಳಗಿನ ಭಾಗಗಳನ್ನು ಹಗುರ ಮಾಡಬಹುದು. ಕ್ರ್ಯಾಂಕ್‌ಶಾಫ್ಟ್ ಸಣ್ಣದಾಯಿತು. ವಾಲ್ವ್ ಸ್ಪ್ರಿಂಗ್‌ಗಳ ಬಿಗಿ ಕಡಿಮೆಯಾಯಿತು. ಪಿಸ್ಟನ್ ಸುತ್ತ ಬಳೆಯಂತೆ ಕೂರುವ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಒತ್ತುವ ಬಲವೂ ಕಡಿಮೆಯಾಯಿತು. ಒಂದೊಂದರಿಂದಲೂ ಸ್ವಲ್ಪ ಸ್ವಲ್ಪ ಉಜ್ಜಾಟ ಕಡಿಮೆಯಾಯಿತು. ಇನ್ನೊಂದು ಕೆಲಸ ಮಾಡಿದರು. ಸಿಲಿಂಡರಿನ ನಡುಗೆರೆಯನ್ನು ಕ್ರ್ಯಾಂಕಿನ ನಡುವಿನಿಂದ ಒಂದು ಚೂರು ಪಕ್ಕಕ್ಕೆ ಸರಿಸಿದರು. ಮೊದಲ ಎಂಜಿನ್‌ನಲ್ಲಿ 12 ಮಿಲಿಮೀಟರ್. ಉರಿಯುವ ಹೊತ್ತಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಹೆಚ್ಚು ನೆಟ್ಟಗೆ ನಿಂತಿರಲಿ, ಪಿಸ್ಟನ್ ಗೋಡೆಗೆ ಒರಗಿ ಉಜ್ಜದಿರಲಿ ಅಂತ.

ಸ್ಟಾರ್ಟ್ ಮಾಡುವ ರೀತಿಯೂ ಬೇರೆ. ಈ ಕಾರಿನಲ್ಲಿ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಎರಡು ದೊಡ್ಡ ಮೋಟಾರ್-ಜನರೇಟರ್‌ಗಳಲ್ಲಿ ಒಂದು ಎಂಜಿನ್ನನ್ನು ತಿರುಗಿಸುತ್ತದೆ. ಅದು ಸುಮಾರು 1000 ಆರ್‌ಪಿಎಂ ಮುಟ್ಟಿದ ಮೇಲೆಯೇ ಪೆಟ್ರೋಲ್ ಮತ್ತು ಸ್ಪಾರ್ಕ್. ಮಾಮೂಲಿ ಕಾರಿನಲ್ಲಿ ಸ್ಟಾರ್ಟರ್ ಎಂಜಿನ್ನನ್ನು ನಿಧಾನಕ್ಕೆ ಉರುಳಿಸುತ್ತದೆ, ಆಯಿಲ್ ಒತ್ತಡ ಸರಿಯಾಗಿ ಏರುವ ಮೊದಲೇ ಬೆಂಕಿ ಹೊತ್ತಿಕೊಳ್ಳುತ್ತದೆ. ಇಲ್ಲಿ ಆಯಿಲ್ ಓಡಾಡಲು ಶುರು ಮಾಡಿದ ಮೇಲೆ ಬೆಂಕಿ. ಜೊತೆಗೆ ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ತಿರುಗಿಸುವಾಗ ಅಡ್ಡಿ ಕಡಿಮೆ, ನಡುಕವೂ ಕಡಿಮೆ. ಒಂದೇ ಪ್ರಯಾಣದಲ್ಲಿ ಎಷ್ಟೋ ಸಲ ನಿಂತು ಮತ್ತೆ ಶುರುವಾಗುವ ಎಂಜಿನ್ ಇಷ್ಟು ವರ್ಷ ತಾಳುವುದು ಇದರಿಂದಲೇ. "ಪದೇ ಪದೇ ಸ್ಟಾರ್ಟ್ ಆದ್ರೆ ಎಂಜಿನ್ ಸವೆಯಲ್ವಾ?" ಅಂತ ಕೇಳುವವರಿಗೆ ನಾನು ಹೇಳುವ ಉತ್ತರವೂ ಇದೇ.

ಹಾಗಾದರೆ ಬಾಳಿಕೆ ಹೇಗಿತ್ತು? ಮೊದಲ ಎರಡು ಪೀಳಿಗೆಗಳ 1.5 ಲೀಟರ್ ಎಂಜಿನ್ ಬಗ್ಗೆ ಟ್ಯಾಕ್ಸಿಯವರನ್ನು ಕೇಳಬೇಕು. ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ ಟ್ಯಾಕ್ಸಿ ಚಾಲಕ ಮೊದಲ ಪೀಳಿಗೆಯ ಪ್ರಿಯಸ್ಸನ್ನು ಸುಮಾರು ಎರಡು ವರ್ಷದಲ್ಲಿ 2 ಲಕ್ಷ ಮೈಲಿ ಓಡಿಸಿದ. ಅದನ್ನು ಟೊಯೊಟಾ ಕಂಪನಿಯೇ ವಾಪಸ್ ಕೊಂಡು ಪರೀಕ್ಷೆಗೆ ಒಯ್ದಿತು. 2011ರಲ್ಲಿ ಅಮೆರಿಕದ ಗ್ರಾಹಕರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್‌ನವರು 2 ಲಕ್ಷ ಮೈಲಿ ದಾಟಿದ 2002ರ ಪ್ರಿಯಸ್ ಒಂದನ್ನು ತಂದು, ಹತ್ತು ವರ್ಷದ ಹಿಂದೆ ಹೊಸ ಕಾರಿಗೆ ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿದರು. ಹೊಸದರಲ್ಲಿ ಗ್ಯಾಲನ್‌ಗೆ 40.6 ಮೈಲಿ ಬಂದಿತ್ತು. ಹಳೆಯದರಲ್ಲಿ 40.4. ಬ್ಯಾಟರಿ ಅದರದ್ದೇ, ಎಂಜಿನ್ನೂ ಅದರದ್ದೇ. ಆ ಎಂಜಿನ್ ಸರಳ. ಪೆಟ್ರೋಲ್ ಚಿಮ್ಮುವುದು ಇಂಟೇಕ್ ಪೋರ್ಟ್‌ನಲ್ಲಿ, ಹಾಗಾಗಿ ವಾಲ್ವ್‌ಗಳು ತೊಳೆದುಕೊಂಡು ಶುದ್ಧವಾಗಿರುತ್ತವೆ. ಟೈಮಿಂಗ್‌ಗೆ ಚೈನು. ಸುತ್ತಮುತ್ತ ಹೆಚ್ಚುವರಿ ಕೊಳವೆಗಳ ಗಲಾಟೆ ಇಲ್ಲ.

ಎರಡನೇ ಪೀಳಿಗೆಯಲ್ಲಿ ಒಂದು ವಿಚಿತ್ರ ವ್ಯವಸ್ಥೆ ಇತ್ತು, ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಲ್ಲಿ ಅಮೆರಿಕದಲ್ಲಿ ಮಾರಿದ ಕಾರುಗಳಲ್ಲಿ ಎಂಜಿನ್ ಪಕ್ಕ ಒಂದು ಥರ್ಮೋಸ್ ಫ್ಲಾಸ್ಕ್ ಇಟ್ಟಿದ್ದರು. ಕಾರು ನಿಲ್ಲಿಸಿದಾಗ ಎಂಜಿನ್ ತಂಪು ಮಾಡಲು ಸುತ್ತುವ ದ್ರವ, ಅಂದರೆ ಕೂಲೆಂಟ್, ಬಿಸಿಬಿಸಿಯಾಗಿ ಸುಮಾರು ಮೂರು ಲೀಟರ್ ಅದರೊಳಗೆ ಹೋಗುತ್ತದೆ, ಮೂರು ದಿನದವರೆಗೆ ಬಿಸಿ ಉಳಿಯುತ್ತದೆ. ಮತ್ತೆ ಕಾರು ತೆಗೆಯುವಾಗ ಆ ಬಿಸಿ ಕೂಲೆಂಟನ್ನು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ಗೆ ಪಂಪ್ ಮಾಡುತ್ತದೆ. ತಣ್ಣಗಿನ ಎಂಜಿನ್ ಎಷ್ಟು ಹೊಗೆ ಉಗುಳುತ್ತದೆ, ಎಷ್ಟು ಪೆಟ್ರೋಲ್ ಕುಡಿಯುತ್ತದೆ ಅನ್ನುವುದನ್ನು ಇದನ್ನು ಮಾಡಿದವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ನೋಡಿ.

2009ರಲ್ಲಿ ಮೂರನೇ ಪೀಳಿಗೆ ಬಂತು. ಎಂಜಿನ್ 1.5ರಿಂದ 1.8 ಲೀಟರ್‌ಗೆ ಏರಿತು, ಮೈಲೇಜ್ ಕಡಿಮೆಯಾಗುವ ಬದಲು ಗ್ಯಾಲನ್‌ಗೆ 46ರಿಂದ 50 ಮೈಲಿಗೆ ಏರಿತು. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ 21 ಕಿಲೋಮೀಟರ್ ಚಿಲ್ಲರೆ. ದೊಡ್ಡ ಎಂಜಿನ್ ಹೈವೇಯಲ್ಲಿ ಕಡಿಮೆ ಆರ್‌ಪಿಎಂನಲ್ಲೇ ಕೆಲಸ ಮುಗಿಸುತ್ತದೆ, ಅದಕ್ಕೆ. ಥರ್ಮೋಸ್ ಹೋಯಿತು, ಅದರ ಬದಲು ಎಕ್ಸಾಸ್ಟ್‌ನ ಬಿಸಿಯಿಂದ ಕೂಲೆಂಟ್ ಕಾಯಿಸುವ ವ್ಯವಸ್ಥೆ ಬಂತು. ವಾಟರ್ ಪಂಪ್ ಕೂಡ ವಿದ್ಯುತ್ತಿನದಾಯಿತು. ಎಸಿ ಕಂಪ್ರೆಸರ್, ಪವರ್ ಸ್ಟೀರಿಂಗ್ ಮೊದಲೇ ವಿದ್ಯುತ್ತಿನವು. ಹೀಗಾಗಿ ಈ ಎಂಜಿನ್ನಿಗೆ ಒಂದೇ ಒಂದು ಬೆಲ್ಟ್ ಇಲ್ಲ. ಬಾನೆಟ್ ತೆಗೆದು ಬೆಲ್ಟ್ ಎಲ್ಲಿ ಅಂತ ಹುಡುಕುವ ಹಳೆಯ ಮೆಕ್ಯಾನಿಕ್‌ಗಳನ್ನು ನಾನು ನೋಡಿದ್ದೇನೆ.

ಇದೇ ಪೀಳಿಗೆಯಲ್ಲಿ ಬಂದ ಇನ್ನೊಂದು ವ್ಯವಸ್ಥೆ ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್). ಹೊರಗೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಹಿಡಿದು, ಕೂಲೆಂಟ್ ಸುತ್ತುವ ಒಂದು ಕೂಲರ್‌ನಲ್ಲಿ ತಣ್ಣಗೆ ಮಾಡಿ, ಮತ್ತೆ ಎಂಜಿನ್ನಿಗೇ ಉಸಿರಾಡಲು ಕೊಡುವುದು. ಕೇಳಲು ಹುಚ್ಚು ಅನ್ನಿಸಬಹುದು. ಆದರೆ ಆ ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿರುವುದಿಲ್ಲ, ಅದು ಉರಿಯುವುದಿಲ್ಲ, ಸುಮ್ನೆ ಜಾಗ ತುಂಬುತ್ತದೆ, ಬಿಸಿ ಹೀರಿಕೊಳ್ಳುತ್ತದೆ. ಸಿಲಿಂಡರ್‌ನ ಶಾಖ ಇಳಿಯುತ್ತದೆ, ನಾಕಿಂಗ್ ದೂರವಾಗುತ್ತದೆ, ಸ್ಪಾರ್ಕನ್ನು ಇನ್ನಷ್ಟು ಬೇಗ ಕೊಡಬಹುದು. ಗಾಳಿಯ ಬಾಗಿಲಾದ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಗಾಳಿ ಎಳೆಯುವ ಶ್ರಮವೂ ಕಡಿಮೆಯಾಗುತ್ತದೆ. ಈ ಎಂಜಿನ್ ಪೆಟ್ರೋಲ್‌ನ ಶಕ್ತಿಯಲ್ಲಿ ಶೇಕಡ 38.5ರವರೆಗೆ ಕೆಲಸಕ್ಕೆ ತರುತ್ತದೆ ಅಂತ ಟೊಯೊಟಾ ಹೇಳಿದ್ದು ಇವೆಲ್ಲ ಸೇರಿ. ಮುಂದಿನ ಪೀಳಿಗೆಯಲ್ಲಿ, 2015ರ ಕೊನೆಯಲ್ಲಿ, ಅದನ್ನು 40ಕ್ಕೆ ಏರಿಸಿದರು.

ತೊಂದರೆ ಇರುವುದು ಮಸಿಯಲ್ಲಿ. ಹೊಗೆಯ ಜೊತೆ ಮಸಿ ಬರುತ್ತದೆ, ಎಂಜಿನ್ ಒಳಗಿನ ಆಯಿಲ್ ಆವಿಯೂ ಇಂಟೇಕ್ ಕಡೆ ಬರುತ್ತದೆ. ಎರಡೂ ಸೇರಿದರೆ ಡಾಂಬರಿನಂಥ ಅಂಟು. ಇಜಿಆರ್ ಕೂಲರ್‌ನ ಒಳಗಿರುವುದು ಬಹಳ ಸಣ್ಣ ಸಣ್ಣ ದಾರಿಗಳು, ಅವು ವರ್ಷಗಳ ಮೇಲೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೂ ಒಂದೊಂದು ಪುಟ್ಟ ತೂತು. ಆ ನಾಲ್ಕೂ ಒಂದೇ ಸಮ ಮುಚ್ಚಿಕೊಳ್ಳುವುದಿಲ್ಲ. ಒಂದು ಸಿಲಿಂಡರ್‌ಗೆ ತಂಪು ಹೊಗೆ ಸಿಗುತ್ತದೆ, ಪಕ್ಕದ್ದಕ್ಕೆ ಸಿಗುವುದಿಲ್ಲ. ಸಿಗದಿರುವುದು ಬಿಸಿಯೇರುತ್ತದೆ, ನಾಕ್ ಹೊಡೆಯುತ್ತದೆ.

ಸಿಲಿಂಡರ್ ಹೆಡ್ಡಿಗೂ ಅದರ ಕೆಳಗಿನ ಎಂಜಿನ್ನಿಗೂ ನಡುವೆ ಸೋರದಂತೆ ಇಡುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಈ ಪೀಳಿಗೆಯ ಎಂಜಿನ್ನುಗಳಲ್ಲಿ ಅದು ಹೋಗುವುದು ಇಲ್ಲಿನ ಹೈಬ್ರಿಡ್ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಕಾಯಿಲೆ. ಅವರಲ್ಲಿ ಬಹಳ ಜನ ಈ ಕಾಯಿಲೆಯ ಮೂಲವನ್ನು ಈ ಮಸಿಗೇ ಕಟ್ಟುತ್ತಾರೆ. ಗ್ಯಾಸ್ಕೆಟ್ಟಿನ ವಿನ್ಯಾಸದ್ದೂ ಪಾಲಿದೆ, ವಾಟರ್ ಪಂಪಿನದ್ದೂ ಪಾಲಿದೆ ಅನ್ನುವವರೂ ಇದ್ದಾರೆ. ನನಗೆ ಮಸಿಯ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಕಾರಣ ಸರಳ. ಎರಡನೇ ಪೀಳಿಗೆಯ ಎಂಜಿನ್‌ನಲ್ಲಿ ಈ ಇಜಿಆರ್ ಇರಲಿಲ್ಲ. ಈ ಕಾಯಿಲೆಯೂ ಅದರಲ್ಲಿ ಅಪರೂಪ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ರಾತ್ರಿಯಿಡೀ ಒಂದಿಷ್ಟು ಕೂಲೆಂಟ್ ಸಿಲಿಂಡರ್ ಒಳಗೆ ಜಿನುಗುತ್ತದೆ. ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಇಡೀ ಕಾರು ಗಡಗಡ ನಡುಗುತ್ತದೆ, ಕೆಲವು ಸೆಕೆಂಡ್ ಮಾತ್ರ. ಆಮೇಲೆ ಏನೂ ಆಗಿಲ್ಲ ಅನ್ನುವಷ್ಟು ಸುಮ್ಮನಾಗುತ್ತದೆ. ಕೂಲೆಂಟ್ ಡಬ್ಬಿಯ ಮಟ್ಟ ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಇಂಥ ಕಾರುಗಳಿಗೆ ಮೊದಲು ಸ್ಪಾರ್ಕ್ ಪ್ಲಗ್ ಹಾಕುತ್ತಾರೆ, ಆಮೇಲೆ ಇಗ್ನಿಷನ್ ಕಾಯಿಲ್ ಹಾಕುತ್ತಾರೆ, ಗೇರ್‌ಬಾಕ್ಸ್ ಹೋಗಿದೆ ಅನ್ನುವವರೂ ಉಂಟು. ಅಷ್ಟರಲ್ಲಿ ಒಳಗೆ ಕೆಲಸ ಕೆಟ್ಟಿರುತ್ತದೆ.

ಇನ್ನೊಂದು ಕಾಯಿಲೆ ಆಯಿಲ್ ಕುಡಿಯುವುದು. ಮೇಲೆ ಹೇಳಿದೆನಲ್ಲ, ರಿಂಗ್‌ಗಳ ಬಿಗಿ ಕಡಿಮೆ ಮಾಡಿದರು ಅಂತ. ಗೋಡೆಯ ಆಯಿಲನ್ನು ಕೆರೆದು ಕೆಳಗಿಳಿಸುವ ರಿಂಗ್‌ಗೆ ಬಲ ಕಡಿಮೆಯಿದ್ದಾಗ ಮಸಿ ಅದನ್ನು ಸುಲಭವಾಗಿ ಹಿಡಿದುಹಾಕುತ್ತದೆ. ರಿಂಗ್ ಅಲ್ಲಾಡುವುದಿಲ್ಲ, ಆಯಿಲ್ ಮೇಲೇರಿ ಉರಿಯುತ್ತದೆ, ಉರಿದ ಆಯಿಲ್ ಇನ್ನಷ್ಟು ಮಸಿಯಾಗಿ ಮತ್ತೆ ಇಜಿಆರ್‌ಗೇ ಹೋಗುತ್ತದೆ. ಎರಡೂ ಕಾಯಿಲೆ ಒಂದಕ್ಕೊಂದು ನೀರೆರೆಯುತ್ತವೆ. ಈ ಪೀಳಿಗೆಯ ಕೊನೆಯ ವರ್ಷಗಳ ಕಾರುಗಳಲ್ಲಿ ಪಿಸ್ಟನ್ ರಿಂಗ್‌ಗಳನ್ನೂ ಇಂಟೇಕ್ ಮ್ಯಾನಿಫೋಲ್ಡನ್ನೂ ಟೊಯೊಟಾ ಬದಲಾಯಿಸಿತು. ಹಾಗಾಗಿ ಇದೇ ಮಾಡೆಲ್ ತಗೊಳ್ಳುವುದಾದರೆ 2015ರದ್ದು ಸಿಕ್ಕರೆ ಅದನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ.

ಅಮೆರಿಕದಲ್ಲಿ ಈ ಕಾರಿಗೆ ಬರೆದಿರುವ ಪ್ರಕಾರ 0ಡಬ್ಲ್ಯು-20 ಎಂಬ ತೆಳು ಸಿಂಥೆಟಿಕ್ ಆಯಿಲ್ ಹಾಕಿದರೆ 10,000 ಮೈಲಿಗೊಮ್ಮೆ ಬದಲಾಯಿಸಿದರೆ ಸಾಕು. ಅಂದರೆ 16,000 ಕಿಲೋಮೀಟರ್. ನಾನು ಅದನ್ನು ಒಪ್ಪುವುದಿಲ್ಲ. 5,000 ಮೈಲಿಗೇ ಬದಲಾಯಿಸುತ್ತೇನೆ. ಎಂಜಿನ್‌ನಲ್ಲಿ ಹಿಡಿಸುವುದೇ 4.2 ಲೀಟರ್. ಆಯಿಲ್ ಮತ್ತು ಫಿಲ್ಟರ್ ಎರಡಕ್ಕೂ ಸೇರಿ ಆಗುವ ಖರ್ಚು ಇಲ್ಲಿ ಇಬ್ಬರ ಹೋಟೆಲ್ ಊಟದಷ್ಟು. ಹೆಡ್ ಗ್ಯಾಸ್ಕೆಟ್ ಕೆಲಸಕ್ಕೆ ಸಾವಿರಗಟ್ಟಲೆ ಡಾಲರ್ ಕೇಳುತ್ತಾರೆ.

ಇಜಿಆರ್ ಕೂಲರ್ ತೊಳೆಯುವ ಕೆಲಸವನ್ನು ನಾನೇ ಮಾಡುತ್ತೇನೆ, ಮನೆ ಮುಂದಿನ ಡ್ರೈವ್‌ವೇನಲ್ಲಿ. ಒಂದು ಶನಿವಾರ ಪೂರ್ತಿ ಬೇಕು. ಕೂಲರ್ ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಡ್ಯಾಶ್‌ಬೋರ್ಡ್ ಕಡೆಗೆ. ಅಲ್ಲಿಗೆ ಕೈ ಹೋಗಬೇಕಾದರೆ ಮೊದಲು ವೈಪರ್ ತೆಗೆಯಬೇಕು, ಆಮೇಲೆ ಗಾಜಿನ ಕೆಳಗಿನ ಪ್ಲಾಸ್ಟಿಕ್, ಅದರಡಿಯ ತಗಡಿನ ಟ್ರೇ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲೆಂಟ್ ಒಂದಿಷ್ಟು ಇಳಿಸಿಕೊಳ್ಳಬೇಕು. ನಟ್‌ಗಳು ಹೆಚ್ಚಿನವು 12 ಎಂಎಂ. ಹಿಂದಿನ ಒಂದು ನಟ್ ಕಣ್ಣಿಗೇ ಕಾಣುವುದಿಲ್ಲ, ಬೆರಳಲ್ಲಿ ಹುಡುಕಿ ಎಕ್ಸ್‌ಟೆನ್ಷನ್ ರಾಡ್ ಹಾಕಿ ತಿರುಗಿಸಬೇಕು. ಹೊರಗೆ ಬರುವುದು ಒಂದು ಗೇಣುದ್ದದ ಸ್ಟೀಲ್ ಪೆಟ್ಟಿಗೆ.

ಅದನ್ನು ಬಿಸಿಲಿಗೆ ಹಿಡಿದು ಒಂದು ಬದಿಯಿಂದ ನೋಡಿದರೆ ಇನ್ನೊಂದು ಬದಿಯ ಬೆಳಕು ಕಾಣಬೇಕು. ನಾನು ಮೊದಲ ಸಲ ತೆಗೆದಾಗ ಅಂಚಿನ ದಾರಿಗಳಲ್ಲಿ ಬೆಳಕು ಬರುತ್ತಿರಲಿಲ್ಲ, ನಡುವಿನಲ್ಲಿ ಮಂಕಾಗಿ ಬರುತ್ತಿತ್ತು. ಆಕ್ಸಿಜನ್ ಬ್ಲೀಚ್ ಪುಡಿ ಕಲಸಿದ ಬಿಸಿ ನೀರನ್ನು ಒಳಗೆ ತುಂಬಿ ಇಟ್ಟರೆ ಬುಸುಗುಟ್ಟುತ್ತಾ ನೊರೆ ಉಕ್ಕುತ್ತದೆ. ಸುರಿದಾಗ ಕಪ್ಪು ನೀರು, ಜೊತೆಗೆ ಉಗುರಿನಷ್ಟು ದೊಡ್ಡ ಮಸಿಯ ಚಕ್ಕೆಗಳು. ನೀರು ತಿಳಿಯಾಗುವವರೆಗೂ ಮತ್ತೆ ಮತ್ತೆ ತುಂಬಬೇಕು. ಮ್ಯಾನಿಫೋಲ್ಡ್‌ನ ನಾಲ್ಕು ತೂತುಗಳಿಗೆ ಬಾಟಲಿ ತೊಳೆಯುವ ಸಣ್ಣ ಬ್ರಷ್. ನಾಲ್ಕರಲ್ಲಿ ಒಂದರೊಳಗೆ ಬ್ರಷ್ಷಿನ ತುದಿಯೇ ಇಳಿಯಲಿಲ್ಲ, ಮೊದಲು ಮರದ ಕಡ್ಡಿಯಿಂದ ಬಿಡಿಸಬೇಕಾಯಿತು. ಲೋಹದ ಕಡ್ಡಿ ಹಾಕಬೇಡಿ, ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ನದು. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ. ಕೊನೆಗೆ ಕೂಲೆಂಟ್ ತುಂಬಿ, ಒಳಗೆ ಗಾಳಿಗುಳ್ಳೆ ಉಳಿಯದಂತೆ ತಾಳ್ಮೆಯಿಂದ ಹೊರಗೆ ಬಿಡಬೇಕು. ಅವಸರ ಮಾಡಿದರೆ ಈ ಹಂತದಲ್ಲೇ ಎಂಜಿನ್ ಬಿಸಿಯಾಗುವುದು.

ಇದನ್ನೆಲ್ಲ ಗ್ಯಾರೇಜಿನಲ್ಲಿ ಕೇಳಿದರೆ "ಚೆಕ್ ಎಂಜಿನ್ ಲೈಟ್ ಬಂದಿಲ್ಲವಲ್ಲ, ಯಾಕೆ ತೆಗೀಬೇಕು" ಅನ್ನುವವರೇ ಜಾಸ್ತಿ. ಇಜಿಆರ್ ಹರಿವು ಕಡಿಮೆ ಅನ್ನುವ ಪಿ0401 ಕೋಡ್ ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಒಂದು ಲಕ್ಷ ಮೈಲಿ ದಾಟಿದ ಕಾರಿಗೆ ಲೈಟ್ ಬರಲಿ ಬಿಡಲಿ, ಇದನ್ನು ತೆಗೆಸಿ ನೋಡಬೇಕು.

ಹೋದ ತಿಂಗಳು ಹಾಸನದಿಂದ ಭಾವ ಫೋನ್ ಮಾಡಿದ್ದರು. ಟೊಯೊಟಾದ ಹೈರೈಡರ್ ಹೈಬ್ರಿಡ್ ತಗೊಳ್ಳುವ ಯೋಚನೆಯಲ್ಲಿದ್ದಾರೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಕಾರು.

"ಲೋ, ಬ್ಯಾಟರಿ ಹೋದ್ರೆ ಏನೋ ಗತಿ? ಇಲ್ಲಿ ಎಲ್ಲ ಹೆದರಿಸ್ತಾ ಇದಾರೆ."

"ಭಾವ, ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ, ಅದನ್ನ ಪಕ್ಕಕ್ಕಿಡಿ. ದಿನಾ ಎಷ್ಟು ದೂರ ಓಡಿಸ್ತೀರಿ ಹೇಳಿ."

"ಎಷ್ಟಪ್ಪಾ, ಬೆಳಿಗ್ಗೆ ಅಂಗಡಿಗೆ, ಮಧ್ಯಾಹ್ನ ಊಟಕ್ಕೆ ಮನೆಗೆ, ಸಂಜೆ ಮತ್ತೆ. ಎಲ್ಲಾ ಸೇರಿ ಐದಾರು ಕಿಲೋಮೀಟರ್."

"ಎಂಜಿನ್‌ಗೆ ಅದೇ ಕಷ್ಟ, ಭಾವ."

ಅವರಿಗೆ ನಂಬಿಕೆ ಬರಲಿಲ್ಲ. ಕಡಿಮೆ ಓಡಿದ ಕಾರು ಗಟ್ಟಿ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಆದರೆ ಹೈಬ್ರಿಡ್‌ನಲ್ಲಿ ಚಿಕ್ಕ ಚಿಕ್ಕ ಓಡಾಟ ಎಂಜಿನ್ನಿಗೆ ಒಳ್ಳೆಯದಲ್ಲ. ತಣ್ಣಗಿನ ಎಂಜಿನ್ ಶುರುವಾದಾಗ ಮೊದಲ ಒಂದು ನಿಮಿಷದ ಆಸುಪಾಸು ಅದರ ಗಮನವೆಲ್ಲ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿ ಮಾಡುವುದರ ಮೇಲೆ. ಸ್ಪಾರ್ಕ್ ತಡವಾಗಿ ಕೊಟ್ಟು, ಒರಟು ಸದ್ದು ಮಾಡುತ್ತಾ ಓಡುತ್ತದೆ. ಆಗ ಕಾರನ್ನು ಎಳೆಯುವುದು ಬಹುಪಾಲು ಬ್ಯಾಟರಿ. ಎಂಜಿನ್ ಬಿಸಿಯಾಗುವ ಮೊದಲೇ ಅಂಗಡಿ ಬಂತು, ಕಾರು ನಿಂತಿತು. ಪೂರ್ತಿ ಉರಿಯದ ಪೆಟ್ರೋಲ್ ಆಯಿಲ್‌ಗೆ ಸೇರುತ್ತದೆ, ನೀರಿನ ಆವಿಯೂ ಸೇರುತ್ತದೆ. ಆಯಿಲ್ ನಿಜವಾಗಿ ಕಾದಾಗ ಮಾತ್ರ ಇವೆರಡೂ ಆವಿಯಾಗಿ ಹೋಗುತ್ತವೆ. ಅದು ಆಗದಿದ್ದರೆ ಒಳಗೇ ಉಳಿಯುತ್ತವೆ. ಆಯಿಲ್ ಹಾಕುವ ಮುಚ್ಚಳದ ಒಳಬದಿ ಬಿಳಿಚು ಕೆನೆ ಕಂಡರೆ ಇದೇ ಅರ್ಥ. ದಿನವಿಡೀ ಬಿಸಿಯಾಗೇ ಇರುವ ಟ್ಯಾಕ್ಸಿಯ ಎಂಜಿನ್ ಮೂರು ಲಕ್ಷ ಮೈಲಿ ಓಡಿದರೂ ಒಳಗೆ ಶುದ್ಧವಾಗಿರುವುದು ಇದಕ್ಕೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೋರ್ಡ್ ಎಸ್ಕೇಪ್ ಹೈಬ್ರಿಡ್ ಟ್ಯಾಕ್ಸಿಗಳು ಅಷ್ಟು ದೂರ ಓಡಿ ನಿವೃತ್ತಿಯಾದವು. ಅವುಗಳ ಎಂಜಿನ್ನೂ ಆಟ್ಕಿನ್ಸನ್ ರೀತಿಯದೇ.

ಭಾವನಿಗೆ ಹೇಳಿದ್ದು ಇಷ್ಟು. ಹೈರೈಡರ್‌ನ ಎಂಜಿನ್ ಬೇರೆ, ಮೂರು ಸಿಲಿಂಡರ್, 1490 ಸಿಸಿ. ಮಾಡಿದವರು ಹಿಂದಿನದರಿಂದ ಕಲಿತಿದ್ದಾರೆ. ಆದರೂ ಆಯಿಲ್ ಬದಲಾಯಿಸುವಾಗ ಕಿಲೋಮೀಟರ್ ನೋಡಬೇಡಿ, ತಿಂಗಳು ನೋಡಿ. ಆರು ತಿಂಗಳಿಗೊಮ್ಮೆ ಬದಲಾಯಿಸಿ. ವಾರಕ್ಕೊಮ್ಮೆ ಅಕ್ಕನನ್ನು ಕೂರಿಸಿಕೊಂಡು ಬೇಲೂರಿಗೋ ಸಕಲೇಶಪುರಕ್ಕೋ ಹೋಗಿ ಬನ್ನಿ, ಎಂಜಿನ್ ಒಂದು ಗಂಟೆ ಚೆನ್ನಾಗಿ ಕಾಯಲಿ. ಏರ್ ಫಿಲ್ಟರ್‌ಗೆ ನಮ್ಮ ಧೂಳಿನ ಲೆಕ್ಕವೇ ಬೇರೆ, ಪ್ರತಿ ಸರ್ವೀಸ್‌ನಲ್ಲೂ ತೆಗೆಸಿ ನೋಡಿ. ಕೂಲೆಂಟ್ ಡಬ್ಬಿ ತಿಂಗಳಿಗೊಮ್ಮೆ ನೋಡಿ, ಅದಕ್ಕೆ ನಲ್ಲಿ ನೀರು ಹಾಕಲು ಯಾರಿಗೂ ಬಿಡಬೇಡಿ. ಸಕಲೇಶಪುರದ ಮಾತಿಗೆ ಅಕ್ಕ ಹಿಂದಿನಿಂದಲೇ ಒಪ್ಪಿಗೆ ಕೊಟ್ಟಳು.

ಇಲ್ಲಿ ಹೊಸದಾಗಿ ಬಂದ ಕನ್ನಡದ ಹುಡುಗರು ಮೊದಲ ಕಾರು ಅಂತ ಹಳೆಯ ಪ್ರಿಯಸ್ ನೋಡಲು ಹೋಗುವಾಗ ನನ್ನನ್ನು ಕರೆಯುತ್ತಾರೆ. ಸಂತೋಷದಿಂದ ಹೋಗುತ್ತೇನೆ. ಎರಡನೇ ಪೀಳಿಗೆಯದಾದರೆ ಮೊದಲು ಬಗ್ಗಿ ಕೆಳಗೆ ನೋಡುತ್ತೇನೆ, ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ಅಂತ. ಈ ಕಡೆ ಅದನ್ನು ಕೊಯ್ದುಕೊಂಡು ಹೋಗುವ ಕಳ್ಳರ ಕಾಟ ವಿಪರೀತ. ಮೂರನೇ ಪೀಳಿಗೆಯದಾದರೆ ಆಯಿಲ್ ಡಿಪ್‌ಸ್ಟಿಕ್, ಕೂಲೆಂಟ್ ಮಟ್ಟ, ಸರ್ವೀಸ್ ಚೀಟಿಗಳು. ಇಜಿಆರ್ ತೊಳೆಸಿದ ಬಿಲ್ ಇದ್ದರೆ ಆ ಮಾಲೀಕರಿಗೆ ಐನೂರು ಡಾಲರ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅಂತ ಹುಡುಗರಿಗೆ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ, ಬೆಳಿಗ್ಗೆ ಹೋಗಬೇಕು. ರಾತ್ರಿಯಿಡೀ ನಿಂತ ಕಾರನ್ನು ನಾವೇ ಆನ್ ಮಾಡಿ, ಎಂಜಿನ್ ಶುರುವಾಗುವ ಆ ಮೊದಲ ಹತ್ತು ಸೆಕೆಂಡ್ ಸ್ಟೀರಿಂಗ್ ಮೇಲೆ ಕೈ ಇಟ್ಟು ಕೂರಬೇಕು. ನಡುಕ ಬಂದರೆ ಅಲ್ಲಿಗೆ ಮಾತು ಮುಗಿಯಿತು. ಹೋಗುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ, ನಿಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದೇವೆ ಅಂತ ಅವರು ಎಷ್ಟೇ ನಗುತ್ತಾ ಹೇಳಿದರೂ, ನಾಳೆ ಬರುತ್ತೇವೆ, ನಾವು ಬರುವವರೆಗೆ ಮುಟ್ಟಬೇಡಿ ಅಂತ ಹೇಳಿ ಬಂದುಬಿಡಿ.